ಮೂರನೆಯ ಬೀಗ

ಮೊದಲ ಬೀಗ ಬಿದ್ದದ್ದು ೨೦೪೨ನೆಯ ಇಸವಿಯ ಮಾರ್ಚ್ ಮೂರರಂದು, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ. ಎರಡನೆಯದು ಅದೇ ತಿಂಗಳ ಇಪ್ಪತ್ತೇಳರಂದು, ಗುರುವಾರ, ಅದೇ ಆರು ಗಂಟೆ ಹತ್ತು ನಿಮಿಷಕ್ಕೆ. ಏಪ್ರಿಲ್ ಹತ್ತರಂದು ಮೂರನೆಯ ಪ್ರಯೋಗ ಆರಂಭವಾಯಿತು. ಮೊದಲ ಬೀಗದಿಂದ ಆ ದಿನದವರೆಗಿನ ಮೂವತ್ತೆಂಟು ದಿನಗಳಲ್ಲಿ ನಾನು ಮೂವರನ್ನು ಸಂಶಯಿಸಿದೆ. ಮೂವರೂ ನನಗೆ ಬೇಕಾದವರು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಯಾವ ದಿನ ನನಗೆ ಎಷ್ಟು ತಿಳಿದಿತ್ತೋ ಆ ದಿನದ ಮಾತಿನಲ್ಲಿ ಅಷ್ಟೇ ಇರುತ್ತದೆ.

ನನ್ನ ಹೆಸರು ಇಂದುಮತಿ ಕಮ್ಮಾರ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ 'ಅಂಗಳ' ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಎರಡು ವರ್ಷಗಳಿಂದ ಪರೀಕ್ಷಾ ತಂತ್ರಜ್ಞೆಯಾಗಿದ್ದೇನೆ. ಅಂಗಳ ಎಂಬುದು ಗೇಮ್ ಕನ್ಸೋಲ್. ಟಿ.ವಿ.ಯ ಕೆಳಗೆ ಇಡುವ ಕಪ್ಪು ಪೆಟ್ಟಿಗೆ, ಅದಕ್ಕೆ ಬಲಗೈಯಿಂದಲೇ ಹಿಡಿದು ಆಡಬೇಕಾದ ಒಂದು ಕಂಟ್ರೋಲರ್. ಮೊದಮೊದಲು ಮಕ್ಕಳ ಆಟಕ್ಕೆಂದು ಬಂದ ಈ ಪೆಟ್ಟಿಗೆ ಈಚೆಗೆ ಬಸ್ ಚಾಲಕರ ಪರೀಕ್ಷೆಗೂ ಕ್ರೇನ್ ಚಾಲಕರ ತರಬೇತಿಗೂ ಬಳಕೆಯಾಗುತ್ತಿದೆ. ಅದಕ್ಕೆ ಪಾಸ್‌ವರ್ಡ್ ಇಲ್ಲ. ಹಿಡಿದ ಕೈಯನ್ನೇ ಅದು ಗುರುತಿಸುತ್ತದೆ. ಕಂಪನಿ ಇದನ್ನು ಕೈಗುರುತು ಎಂದು ಕರೆಯುತ್ತದೆ. ಕೈಯಲ್ಲಿ ಏನನ್ನು ಅಳೆಯುತ್ತಾರೆ ಎಂಬುದನ್ನು ನಮಗೂ ತಿಳಿಸಿಲ್ಲ. ಆ ಭಾಗದ ಸರ್ಕೀಟಿನ ಮೇಲೆ ಕಪ್ಪು ಅಂಟು ಸುರಿದು ಮುಚ್ಚಿರುತ್ತಾರೆ.

ಕಂಟ್ರೋಲರಿನ ಬೆನ್ನಿಗೆ ಒಂದು ಬೆಳ್ಳಿ ಬಣ್ಣದ ಸೀಲ್ ಇದೆ. ಅದನ್ನು ಒಡೆದು ಒಳಗೆ ಏನನ್ನಾದರೂ ಬದಲಾಯಿಸಿದರೆ, ಅದು ಕಂಪನಿಗೆ ಗೊತ್ತಾದರೆ, ಬೀಗ. ಬೀಗ ಬಿದ್ದ ಕೈಗೆ ಹದಿನಾಲ್ಕು ದಿನ ಆಟವಿಲ್ಲ, ಅಲ್ಲಿಯವರೆಗಿನ ಅಂಕವೂ ಉಳಿಯುವುದಿಲ್ಲ. ಮೂರು ಬೀಗ ಬಿದ್ದರೆ ಆ ಕೈಯನ್ನು ಯಾವ ಊರಿನ ಯಾವ ಅಂಗಳವೂ ಎಂದೆಂದಿಗೂ ಸೇರಿಸಿಕೊಳ್ಳುವುದಿಲ್ಲ. ಯಂತ್ರವನ್ನು ಹಣ ಕೊಟ್ಟು ಕೊಂಡವರು ನಾವಾದರೂ, ಅದರ ಬಳಕೆಗೆ ಕೊಟ್ಟಿರುವುದು ಅನುಮತಿ ಮಾತ್ರ ಎಂದು ಒಪ್ಪಂದದ ನಲವತ್ತೊಂದನೆಯ ಪುಟದಲ್ಲಿದೆ. ನಾನು ಆ ಪುಟವನ್ನು ಓದಿಯೇ ಸಹಿ ಮಾಡಿದ್ದೆ.

ನನ್ನ ಅಣ್ಣ ಮೌನೇಶನಿಗೆ ಮೂವತ್ತೆಂಟು ವರ್ಷ. ಊರಾಚೆಯ ಒಂದು ಖಾಸಗಿ ವ್ಯಾಗನ್ ದುರಸ್ತಿ ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದವನು. ಅವನ ಕೆಲಸ ವ್ಯಾಗನ್‌ಗಳನ್ನು ಹಳಿಯಿಂದ ಹಳಿಗೆ ಸಾಗಿಸಿ ಜೋಡಿಸುವುದು. ಎರಡು ವರ್ಷಗಳ ಹಿಂದೆ ಎರಡು ವ್ಯಾಗನ್‌ಗಳ ಕೊಂಡಿಯ ನಡುವೆ ಅವನ ಬಲಗೈ ಸಿಕ್ಕಿತು. ನಡುಬೆರಳು, ಉಂಗುರಬೆರಳು, ಕಿರುಬೆರಳು ಮತ್ತು ಅವುಗಳ ಬುಡದ ಅಂಗೈಯ ಅಂಚು ಹೋದವು. ಹೆಬ್ಬೆರಳು, ತೋರುಬೆರಳು ಉಳಿದವು. ಆಮೇಲೆ ಅವನು ಎಲ್ಲಿ ಕೆಲಸ ಕೇಳಿದರೂ ಮೊದಲು ಅರ್ಜಿಯನ್ನು ನೋಡುತ್ತಿದ್ದರು, ನಂತರ ಕೈಯನ್ನು ನೋಡುತ್ತಿದ್ದರು, ನಂತರ ಹೇಳಿ ಕಳಿಸುತ್ತೇವೆ ಎನ್ನುತ್ತಿದ್ದರು.

ಈ ಜನವರಿಯಲ್ಲಿ ಒಂದು ಪ್ರಕಟಣೆ ಬಂತು. ಹೊಸ ಸರಕು ಯಾರ್ಡಿನಲ್ಲಿ ಎಂಜಿನ್‌ಗಳನ್ನು ಇನ್ನು ಮುಂದೆ ಒಂದು ಕೋಣೆಯಲ್ಲಿ ಕುಳಿತು ಅಂಗಳದ ಕಂಟ್ರೋಲರಿನಿಂದಲೇ ನಡೆಸುತ್ತಾರೆ. ಹನ್ನೆರಡು ಜನ ಬೇಕು. ಅಂಗಳದಲ್ಲಿ 'ಕೂಡುಹಳಿ' ಎಂಬ ಆಟವಿದೆ, ವ್ಯಾಗನ್ ಜೋಡಿಸುವ ಆಟ. ಅದನ್ನು ಬೀಗವಿಲ್ಲದೆ ಅರವತ್ತು ಗಂಟೆ ಆಡಿ, ನೂರಕ್ಕೆ ತೊಂಬತ್ತು ಅಂಕ ಪಡೆದವರು ಏಪ್ರಿಲ್ ಮೂವತ್ತರೊಳಗೆ ಅರ್ಜಿ ಹಾಕಬಹುದು. ಸಂದರ್ಶನವಿಲ್ಲ. ಅಣ್ಣ ಆ ಪ್ರಕಟಣೆಯನ್ನು ಎರಡು ಸಲ ಓದಿ ಹೇಳಿದ್ದು ಒಂದೇ ಮಾತು.

"ಅಂದ್ರ ಇವರು ಕೈ ನೋಡಂಗಿಲ್ಲ."

ಕಂಟ್ರೋಲರಿನಲ್ಲಿ ಐದು ಬೆರಳಿಗೆ ಐದು ಗುಂಡಿ. ಅಣ್ಣನಿಗೆ ಮೂರು ಎಟಕುತ್ತಿರಲಿಲ್ಲ. ದುರ್ಗದಬೈಲಿನ ಹತ್ತಿರ ದಸ್ತಗೀರ ಮುಲ್ಲಾ ಎಂಬವರ ಅಂಗಡಿಯಿದೆ. ಅವರು ಮೂಲತಃ ಹಾರ್ಮೋನಿಯಂ ರಿಪೇರಿಯವರು. ಈಗ ಮಿಕ್ಸರ್, ಫೋನ್, ಕನ್ಸೋಲ್ ಎಲ್ಲವನ್ನೂ ನೋಡುತ್ತಾರೆ. ಅಣ್ಣನ ಹಳೆಯ ಗೆಳೆಯರು. ಅವರು ಸೀಲ್ ಒಡೆದು, ಮೇಲಿನ ಕವಚ ತೆಗೆದು, ಹಾರ್ಮೋನಿಯಂ ಕೀಲಿಗಳ ಕೆಳಗಿರುವ ಸ್ಪ್ರಿಂಗ್ ತಂತಿಯಿಂದ ಮೂರು ಸಣ್ಣ ಸನ್ನೆಕೋಲುಗಳನ್ನು ಮಾಡಿದರು. ದೂರದ ಮೂರು ಗುಂಡಿಗಳು ಹೆಬ್ಬೆರಳಿನ ಪಕ್ಕಕ್ಕೆ ಬಂದವು. ವಿದ್ಯುತ್ ಭಾಗವನ್ನು ಅವರೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ.

ಫೆಬ್ರುವರಿ ಇಪ್ಪತ್ತನಾಲ್ಕರಂದು ಅಣ್ಣ ಆಡಲು ಕುಳಿತ. ನಾನು ಪಕ್ಕದಲ್ಲಿ ಕುಳಿತು ಸಮಯ ಬರೆದುಕೊಂಡೆ. ಪ್ರತಿ ಸಲ ವ್ಯಾಗನ್ ಹೊರಡುವ ಮುನ್ನ ಅವನು ಎಡಗೈ ಎತ್ತಿ, ಯಾರ್ಡಿನಲ್ಲಿ ಎಂಜಿನ್ ಚಾಲಕನಿಗೆ ತೋರಿಸುತ್ತಿದ್ದ ಸನ್ನೆಯನ್ನು ತೋರಿಸುತ್ತಿದ್ದ. ಎದುರಿಗೆ ಟಿ.ವಿ. ಬಿಟ್ಟರೆ ಯಾರೂ ಇಲ್ಲ. ಒಂದು ಸನ್ನೆಗೆ ನಾಲ್ಕು ಸೆಕೆಂಡ್ ವ್ಯರ್ಥ ಎಂದು ನಾನು ಲೆಕ್ಕ ತೋರಿಸಿದೆ. ಕೈ ಎತ್ತದೆ ವ್ಯಾಗನ್ ಬಿಟ್ಟರೆ ಮೈ ಜುಮ್ಮೆನ್ನುತ್ತದೆ ಎಂದ. ಅವನ ಅಂಕ ತೊಂಬತ್ತಾರರಿಂದ ಕೆಳಗೆ ಒಮ್ಮೆಯೂ ಇಳಿಯಲಿಲ್ಲ.

ಏಳು ದಿನ ಕಳೆದವು. ಎಂಟನೆಯ ಬೆಳಿಗ್ಗೆ ಪರದೆಯ ಮೇಲೆ ಎರಡು ಸಾಲು ಇದ್ದವು: ಅನಧಿಕೃತ ಬದಲಾವಣೆ ಪತ್ತೆಯಾಗಿದೆ. ಬೀಗ ಸಂಖ್ಯೆ ಒಂದು.

ಆ ದಿನವೇ ಕಂಟ್ರೋಲರನ್ನು ಚೀಲದಲ್ಲಿಟ್ಟುಕೊಂಡು ಸೆಂಟರಿಗೆ ಹೋದೆ. ಊಟದ ಬಿಡುವಿನಲ್ಲಿ ಅದನ್ನು ಕಂಪನ ಪರೀಕ್ಷೆಯ ಮೇಜಿನ ಮೇಲೆ ಬಿಗಿದು, ಪಕ್ಕದಲ್ಲಿ ಒಂದು ಹೊಸ ಕಂಟ್ರೋಲರನ್ನೂ ಬಿಗಿದು, ಎರಡನ್ನೂ ಪರೀಕ್ಷಿಸಿದೆ. ಹೊಸದರ ತೂಕ ಇನ್ನೂರ ಹನ್ನೆರಡು ಗ್ರಾಂ, ನಮ್ಮದು ಇನ್ನೂರ ಹತ್ತೊಂಬತ್ತು. ಪ್ರತಿ ಗುಂಡಿಯನ್ನು ಐನೂರು ಸಲ ಒತ್ತಿ ಸಂಕೇತಗಳನ್ನು ಹೋಲಿಸಿದೆ. ವ್ಯತ್ಯಾಸ ಉಪಕರಣದ ದೋಷಮಿತಿಯೊಳಗೇ ಇತ್ತು. ಪೆಟ್ಟಿಗೆಯೊಳಗೆ ಕುಳಿತ ಯಂತ್ರಕ್ಕೆ ಈ ಎರಡರಲ್ಲಿ ಯಾವುದು ಯಾವುದೆಂದು ತಿಳಿಯುವ ದಾರಿಯಿರಲಿಲ್ಲ. ಹಾಗಾದರೆ ಯಾರೋ ಹೇಳಿದ್ದಾರೆ ಎಂದು ನಾನು ಬರೆದುಕೊಂಡೆ.

ಈ ತೀರ್ಮಾನಕ್ಕೆ ಊರಿನ ಗಾಳಿಯೂ ಕಾರಣವಾಗಿತ್ತು. ಕಂಪನಿ ಈ ವರ್ಷ 'ನೆರೆಗಣ್ಣು' ಎಂಬ ಯೋಜನೆ ತಂದಿತ್ತು. ಯಾರಾದರೂ ಕಂಟ್ರೋಲರ್ ತಿದ್ದಿದ್ದನ್ನು ಕಂಡರೆ ಸೂಚನೆ ಕಳಿಸಬಹುದು. ಸೂಚನೆ ನಿಜವಾದರೆ ಮೂರು ಹೊಸ ಆಟ ಉಚಿತ. ಜನ ಆಡುವ ಮುಂಚೆ ಕಿಟಕಿ ಮುಚ್ಚುವುದನ್ನು ರೂಢಿಸಿಕೊಂಡಿದ್ದರು. ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿ ಯಾರ ಮನೆಗೆ ಬೀಗ ಬಿತ್ತು ಎಂಬುದೇ ಮಾತು, ಹೇಳಿದವರಾರು ಎಂಬುದೇ ಪ್ರಶ್ನೆ.

ನಮ್ಮ ಕಂಟ್ರೋಲರಿನ ವಿಷಯ ತಿಳಿದವರು ನಾನು, ಅಣ್ಣ, ಅಣ್ಣನ ಹೆಂಡತಿ ಗಿರಿಜಾ ವೈನಿ, ದಸ್ತಗೀರಣ್ಣ. ನಾನು ದಸ್ತಗೀರಣ್ಣನ ಅಂಗಡಿಗೆ ಹೋದೆ. ಅವರು ಒಂದು ಹಾರ್ಮೋನಿಯಂನ ತಿದಿಗೆ ತೊಗಲು ಅಂಟಿಸುತ್ತಿದ್ದರು. ಅವರ ಹಿಂದಿನ ಹಲಗೆಯ ಮೇಲೆ ಹೊಸ ಆಟದ ಮೂರು ಪೆಟ್ಟಿಗೆಗಳಿದ್ದವು.

"ಏನ್ ನೋಡಾಕತ್ತೀ ತಂಗೀ?"

"ಹೊಸಾವು ಅದಾವಲ್ಲ, ದಸ್ತಗೀರಣ್ಣ. ಮೂರು."

"ಹೌದು, ಮೂರು. ಯಾಕ?"

"ಹೇಳಿದವರಿಗೆ ಮೂರ ಕೊಡ್ತಾರಂತ."

ಅವರು ಅಂಟಿನ ಕುಂಚವನ್ನು ಡಬ್ಬಿಯಲ್ಲಿಟ್ಟು ಕೈ ಒರೆಸಿಕೊಂಡರು. ಪೆಟ್ಟಿಗೆಗಳು ಗಿರಾಕಿಯೊಬ್ಬ ಕನ್ಸೋಲಿನ ಜೊತೆ ಬಿಟ್ಟುಹೋದವು, ಚೀಟಿ ಇದೆ, ಬೇಕಾದರೆ ನೋಡಬಹುದು ಎಂದರು. ತೋರಿಸಿ ಎಂದೆ. ನಾನು ಹಾಗೆ ಹೇಳುತ್ತೇನೆಂದು ಅವರು ಎಣಿಸಿರಲಿಲ್ಲ. ಪೆಟ್ಟಿಗೆಗಳನ್ನು ಇಳಿಸಿ, ದಾರಕ್ಕೆ ಕಟ್ಟಿದ್ದ ಚೀಟಿಯನ್ನು ನನ್ನ ಮುಂದೆ ಹಿಡಿದರು. ಹೆಸರು, ತಾರೀಖು, ಫೋನ್ ಸಂಖ್ಯೆ ಎಲ್ಲವೂ ಇದ್ದವು. ಆಮೇಲೆ ಡ್ರಾಯರಿನಿಂದ ಒಂದು ಸುತ್ತು ಹಾರ್ಮೋನಿಯಂ ತಂತಿ ತೆಗೆದು ನನ್ನ ಕೈಗೆ ಕೊಟ್ಟರು.

"ಇನ್ನೊಂದು ಮಾಡೂದಾದ್ರ ನೀನ ಮಾಡ್ಕೋ. ನನಗ ಹೇಳಬ್ಯಾಡ. ಹೇಳಿದ್ರ ಮತ್ತ ಸಂಶೇ ಬರ್ತೈತಿ."

ಮನೆಗೆ ಬಂದು ನಾನು ನೋಟ್‌ಬುಕ್ಕಿನಲ್ಲಿ ಬರೆದೆ: ಚೀಟಿ ನಿಜವಾದದ್ದು, ಆದರೆ ನಿರ್ಣಾಯಕವಲ್ಲ.

ಎರಡನೆಯ ಕಂಟ್ರೋಲರನ್ನು ಅದೇ ತಂತಿಯಿಂದ ನಾನೇ ಮಾಡಿದೆ. ಮಾರ್ಚ್ ಹದಿನೇಳರಂದು ಅಣ್ಣ ಒಳಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಆಡಲು ಆರಂಭಿಸಿದ. ನಡುವೆ ಮೂರು ದಿನ ಜ್ವರ ಬಂದು ಆಟ ನಿಂತಿತು. ಇಪ್ಪತ್ತೈದರಂದು ನಮ್ಮ ಸೆಂಟರಿನ ಮುಖ್ಯಸ್ಥರಾದ ಪ್ರಹ್ಲಾದ ದೇಸಾಯಿಯವರು ಮೊಮ್ಮಗನ ಮುಂಜಿವೆಗೆ ಕರೆಯಲು ಮನೆಗೆ ಬಂದರು. ಒಳಕೋಣೆಯಿಂದ ವ್ಯಾಗನ್ ಕೂಡುವ ಸದ್ದು ಹೊರಗೆ ಕೇಳುತ್ತಿತ್ತು. ಅವರು ಚಹಾ ಕುಡಿಯುತ್ತ ಆ ಬಾಗಿಲನ್ನು ಎರಡು ಸಲ ನೋಡಿದ್ದನ್ನು ನಾನು ನೋಡಿದೆ. ಇಪ್ಪತ್ತೇಳರ ಬೆಳಿಗ್ಗೆ ಎರಡನೆಯ ಬೀಗ ಬಿತ್ತು.

ದಸ್ತಗೀರಣ್ಣನಿಗೆ ಈ ಸಲ ಏನೂ ತಿಳಿದಿರಲಿಲ್ಲ. ಆದ್ದರಿಂದ ಪಟ್ಟಿಯಿಂದ ಅವರ ಹೆಸರನ್ನು ಹೊಡೆದುಹಾಕಿದೆ. ಅವರ ಅಂಗಡಿಗೆ ಹೋಗಲಿಲ್ಲ. ಪಟ್ಟಿಯಲ್ಲಿ ಈಗ ಎರಡು ಹೆಸರು: ದೇಸಾಯಿ ಸರ್, ವೈನಿ. ವೈನಿಯ ಹೆಸರನ್ನು ಬರೆಯುವಾಗ ನನಗೆ ಕಷ್ಟವಾಯಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಪಟ್ಟಿ ಪೂರ್ಣವಾಗಿರಬೇಕೆಂಬುದಷ್ಟೇ ಆಗ ನನ್ನ ತಲೆಯಲ್ಲಿತ್ತು.

ಆ ಸಂಜೆ ವೈನಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅವರ ಫೋನ್ ಅಡುಗೆಮನೆಯ ಕಟ್ಟೆಯ ಮೇಲಿತ್ತು. ನಾನು ಅದನ್ನು ತೆಗೆದು ನೋಡಿದೆ. ಅಂಗಳ ಕಂಪನಿಯಿಂದ ಒಂದು ಸಂದೇಶ ಇತ್ತು: ನಿಮ್ಮ ಸೂಚನೆಗೆ ಧನ್ಯವಾದಗಳು. ಫೋನನ್ನು ಅವರ ಮುಂದೆ ಹಿಡಿದೆ. ಅವರು ಕೈ ನಿಲ್ಲಿಸಲಿಲ್ಲ. ರೊಟ್ಟಿಯನ್ನು ತಿರುಗಿಸಿ ಬಡಿಯುತ್ತಲೇ ಇದ್ದರು.

"ಮ್ಯಾಲೆ ಹೋಗು. ನಾ ಬರದದ್ದನ್ನ ಓದು."

ಪರದೆಯನ್ನು ಸರಿಸಿದಾಗ ಮೇಲೆ ಅವರ ಸಂದೇಶವಿತ್ತು. ಬೆರಳು ಇಲ್ಲದವರಿಗೆ ಬೇರೆ ಕಂಟ್ರೋಲರ್ ಮಾಡುತ್ತೀರಾ, ಮಾಡಿದರೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದರು. ಬರೆದದ್ದು ಮಾರ್ಚ್ ನಾಲ್ಕರಂದು, ಅಂದರೆ ಮೊದಲ ಬೀಗದ ಮರುದಿನ. ಅದು ಮೊದಲ ಬೀಗಕ್ಕೆ ಕಾರಣವಾಗಿರಲು ಸಾಧ್ಯವಿಲ್ಲ. ಇದನ್ನು ಅವರಿಗೆ ಹೇಳಿದೆ. ತಾರೀಖಿನ ಪ್ರಕಾರ ನಿಮ್ಮ ಮೇಲೆ ಸಂಶಯವಿಲ್ಲ ಎಂದೆ.

"ತಾರೀಖು ನನ್ನ ಉಳಿಸ್ತು ಅಂದಂಗಾತು," ಎಂದರು ವೈನಿ. ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿದರು. "ಹನ್ನೊಂದು ವರ್ಷ ಆತು ನಾ ಈ ಮನೀಗೆ ಬಂದು. ಫೋನು ನೋಡೂಕಿಂತ ಮೊದಲ ನನ್ನನ್ನ ಒಂದ ಮಾತು ಕೇಳಬೇಕಂತ ನಿನಗ ಅನಿಸ್ಲಿಲ್ಲ, ಇಂದೂ."

ಅಂದಿನಿಂದ ಅವರು ನನ್ನ ತಟ್ಟೆಗೆ ಬಡಿಸುತ್ತಿದ್ದರು, ಆದರೆ ಇನ್ನೊಂದು ಬೇಕೇ ಎಂದು ಕೇಳುತ್ತಿರಲಿಲ್ಲ.

ಉಳಿದದ್ದು ದೇಸಾಯಿ ಸರ್. ಮಾರ್ಚ್ ಇಪ್ಪತ್ತೆಂಟರಂದು ನಾನು ಅವರ ಕೋಣೆಗೆ ಹೋದೆ. ಪ್ರಶ್ನೆಗಳನ್ನು ಕ್ರಮವಾಗಿ ಬರೆದುಕೊಂಡಿದ್ದೆ. ಮೊದಲನೆಯದನ್ನು ಕೇಳುವುದರೊಳಗೆ ಅವರು ಬಾಗಿಲು ಹಾಕಿಕೊಂಡು ಬಾ ಎಂದರು.

"ನಿನ್ನ ಬೆಂಚಿನ ಮ್ಯಾಲೆ ಹಾರ್ಮೋನಿಯಂ ತಂತಿಯ ತುಂಡು ಬಿದ್ದಿತ್ತವಾ, ಮಾರ್ಚ್ ಮೂರಕ್ಕ. ಕಂಪನಿಯವರು ಕಂಟ್ರೋಲರಿಗೆ ಹಾರ್ಮೋನಿಯಂ ತಂತಿ ಹಾಕೂದಿಲ್ಲ ಅನ್ನೂದು ನನಗ ಗೊತ್ತದ."

ನಾನು ಪ್ರಶ್ನೆ ಬರೆದ ಹಾಳೆಯನ್ನು ಮಡಚಿದೆ. ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನೆರೆಗಣ್ಣು ಯೋಜನೆಗೆ ಧಾರವಾಡ ಜಿಲ್ಲೆಯಿಂದ ಬಂದ ಸೂಚನೆಗಳ ಪಟ್ಟಿ ಅದು. ಒಟ್ಟು ನಾಲ್ಕು ಸಾವಿರದ ಮುನ್ನೂರ ಹದಿನಾರು. ತೆರೆದು ಓದಿದ್ದು: ಸೊನ್ನೆ. ಜಿಲ್ಲೆಯ ಒಂದು ಬೀಗವೂ ಜನರ ಮಾತಿನಿಂದ ಬಿದ್ದದ್ದಲ್ಲ, ಎಲ್ಲವೂ ಯಂತ್ರವೇ ಹಾಕಿದ್ದು ಎಂದು ಅವರು ವಿವರಿಸಿದರು. ಓದದಿದ್ದರೆ ಈ ಯೋಜನೆ ಯಾಕೆ ಎಂದು ಕೇಳಿದೆ.

"ಮಂದಿ ಒಬ್ಬರನ್ನೊಬ್ಬರು ನೋಡ್ಕೋತ ಕೂತ್ರ, ಪೆಟಿಗಿ ಕಡೆ ಯಾರೂ ನೋಡೂದಿಲ್ಲ," ಎಂದರು.

ನನ್ನ ಪರೀಕ್ಷೆಯ ಪ್ರಕಾರ ಯಂತ್ರಕ್ಕೆ ವ್ಯತ್ಯಾಸ ತಿಳಿಯುವಂತಿಲ್ಲ ಎಂದು ವಾದಿಸಿದೆ. ಕಪ್ಪು ಅಂಟಿನ ಕೆಳಗೆ ಏನಿದೆ ಎಂದು ತಮಗೂ ಗೊತ್ತಿಲ್ಲ, ಆದರೆ ಒಡೆದ ಸೀಲನ್ನೋ ಹೆಚ್ಚಿನ ಏಳು ಗ್ರಾಂ ತೂಕವನ್ನೋ ಅದು ಹೇಗೋ ಕಂಡುಹಿಡಿದಿರಬೇಕು ಎಂದು ಅವರು ಊಹಿಸಿದರು. ಕಪಾಟಿನಿಂದ ಸೀಲ್ ಒಡೆಯದ ಒಂದು ಹೊಸ ಕಂಟ್ರೋಲರ್ ತೆಗೆದು ನನಗೆ ಕೊಟ್ಟರು.

"ಮೌನೇಶಗ ಕಷ್ಟ ಆಗ್ತದ, ಆಗ್ಲಿ. ಇದರಾಗ ಕಲೀಲಿ. ಏನೂ ಬದಲು ಮಾಡದಿದ್ರ ಬದಲಾವಣೆ ಹೆಂಗ ಪತ್ತೆ ಆದೀತು?"

ಇದರಲ್ಲಿ ತರ್ಕದೋಷ ನನಗೆ ಕಾಣಲಿಲ್ಲ. ಮೂರನೆಯ ಬೀಗ ಎಂದರೆ ಕೊನೆಯದು. ಈ ಸಲ ಬೀಗಕ್ಕೆ ಕಾರಣವೇ ಇರದಂತೆ ನೋಡಿಕೊಳ್ಳುವುದು ಸರಿಯಾದ ವಿಧಾನ ಎಂದು ಅಣ್ಣನಿಗೂ ಹೇಳಿದೆ. ಅವನು ಕಂಪನಿಯ ಆ ಕಂಟ್ರೋಲರನ್ನು ತಿರುಗಿಸಿ ತಿರುಗಿಸಿ ನೋಡಿದ.

ಬೀಗ ತೆರೆಯುವವರೆಗಿನ ಎರಡು ವಾರ ಅಣ್ಣ ಅದನ್ನು ಕನ್ಸೋಲಿಗೆ ಜೋಡಿಸದೆಯೇ ಅಭ್ಯಾಸ ಮಾಡಿದ. ಕಂಟ್ರೋಲರನ್ನು ತೊಡೆಗೆ ಒತ್ತಿಟ್ಟುಕೊಂಡು, ಎರಡು ಬೆರಳಿನಿಂದ ಎರಡು ಗುಂಡಿ, ಹೆಬ್ಬೆರಳನ್ನು ಚಾಚಿ ಮೂರನೆಯದು, ಅಂಗೈಯ ಬುಡವನ್ನು ಓರೆಯಾಗಿ ಒತ್ತಿ ಉಳಿದ ಎರಡು. ಹತ್ತು ನಿಮಿಷಕ್ಕೆ ಮುಂಗೈ ಸೆಟೆದುಕೊಳ್ಳುತ್ತಿತ್ತು. ವೈನಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದರು. ಮೊದಲ ವಾರದ ಕೊನೆಗೆ ಇಪ್ಪತ್ತು ನಿಮಿಷ, ಎರಡನೆಯದರ ಕೊನೆಗೆ ಒಂದು ಗಂಟೆ ಹತ್ತು ನಿಮಿಷ ಅವನಿಂದ ಸಾಧ್ಯವಾಯಿತು. ಗುಂಡಿ ಒತ್ತುವ ಪ್ರತಿ ಸಲ ಎಡಗೈ ಮೇಲೇಳುತ್ತಲೇ ಇತ್ತು.

ಏಪ್ರಿಲ್ ಎಂಟರಂದು ನಾನು ದುರ್ಗದಬೈಲಿಗೆ ಹೋಗಿ ದಸ್ತಗೀರಣ್ಣನ ಕ್ಷಮೆ ಕೇಳಿದೆ. ನನ್ನ ತೀರ್ಮಾನ ಯಾವ ಹಂತದಲ್ಲಿ ತಪ್ಪಿತು ಎಂದು ವಿವರಿಸುತ್ತಿದ್ದಾಗ ಅವರು ನಡುವೆಯೇ ತಡೆದರು. ಕ್ಷಮೆ ಇರಲಿ, ತಾವು ಮಾಡಿದ ಕಂಟ್ರೋಲರ್ ಎಲ್ಲಿದೆ ಎಂದು ಕೇಳಿದರು. ನನ್ನ ಚೀಲದಲ್ಲೇ ಇತ್ತು. ಅದನ್ನು ಇಸಿದುಕೊಂಡು ಅಂಗಡಿಯ ಸ್ವಂತ ಕನ್ಸೋಲಿಗೆ ಜೋಡಿಸಿದರು. ಅಣ್ಣ ಆಡುವ ದಿನಗಳಲ್ಲೇ ತಾವೂ ಇದರಿಂದ ಆಡುವುದಾಗಿ ಹೇಳಿದರು. ಗಿರಾಕಿಗಳ ಯಂತ್ರಗಳನ್ನು ಪರೀಕ್ಷಿಸಲು ಅವರಿಗೆ ತಮ್ಮ ಕೈಗುರುತು ಬೇಕೇ ಬೇಕು. ಬೀಗ ಬಿದ್ದರೆ ಹದಿನಾಲ್ಕು ದಿನ ಅಂಗಡಿ ಮುಚ್ಚಿದಂತೆಯೇ ಎಂದು ಎಚ್ಚರಿಸಿದೆ.

"ನನ್ನ ಕೆಲಸದಾಗ ಐಬು ಇದ್ರ ನನ್ನ ಕೈಗೇ ಬೀಗ ಬೀಳ್ಲಿ. ಮೌನ್ಯಾನ ಕೈಗೆ ಯಾಕ?" ಎಂದರು. ಆಮೇಲೆ ನಕ್ಕು, "ನೀ ಬರಕೊಳ್ಳಾಕ ಛಲೋ ಆತು. ಬರಕೋ," ಎಂದರು.

ಏಪ್ರಿಲ್ ಹತ್ತರಂದು ಎರಡೂ ಕಡೆ ಆಟ ಆರಂಭವಾಯಿತು. ಮನೆಯಲ್ಲಿ ಅಣ್ಣ, ಕಂಪನಿಯ ಸೀಲ್ ಇರುವ ಕಂಟ್ರೋಲರಿನಿಂದ. ಅಂಗಡಿಯಲ್ಲಿ ದಸ್ತಗೀರಣ್ಣ, ಹಾರ್ಮೋನಿಯಂ ತಂತಿ ಹಾಕಿದ್ದರಿಂದ. ಅರವತ್ತು ಗಂಟೆ ಮುಗಿಯಲು ಅಣ್ಣ ದಿನಕ್ಕೆ ಸುಮಾರು ಮೂರು ಗಂಟೆ ಆಡಬೇಕಿತ್ತು. ನಡುನಡುವೆ ನಿಲ್ಲಿಸಿ ಕೈ ಬಿಸಿನೀರಿನಲ್ಲಿಟ್ಟು ಮತ್ತೆ ಕೂರುತ್ತಿದ್ದ. ಅಂಕ ತೊಂಬತ್ತೊಂದು, ತೊಂಬತ್ತೆರಡರಲ್ಲಿ ತೂಗುತ್ತಿತ್ತು, ಆದರೆ ತೊಂಬತ್ತಕ್ಕೆ ಇಳಿಯಲಿಲ್ಲ. ದಸ್ತಗೀರಣ್ಣನ ಅಂಕ ಮೂವತ್ತೊಂದು. ಐದನೆಯ ದಿನ ವಿಚಾರಿಸಲು ಹೋದಾಗ ಅವರ ಪರದೆಯ ಮೇಲೆ ಎಂಟು ವ್ಯಾಗನ್ ಒಂದರ ಮೇಲೊಂದು ಬಿದ್ದಿದ್ದವು. ಅಣ್ಣ ಫೋನ್ ಮಾಡಿ ಎಡಗೈ ಎತ್ತಲು ಹೇಳಿದ್ದನಂತೆ. ಎತ್ತಿದರೂ ಪ್ರಯೋಜನವಾಗಿಲ್ಲ ಎಂದರು.

ಏಪ್ರಿಲ್ ಹದಿನೈದರ ಸಂಜೆ ನಾನು ಎಲ್ಲ ಪ್ರಯೋಗಗಳನ್ನು ಒಂದು ಕೋಷ್ಟಕಕ್ಕೆ ಇಳಿಸಿದೆ. ಕಂಟ್ರೋಲರ್, ಸೀಲ್, ತೂಕ, ಆಡಿದ ಕೋಣೆ, ವಿಷಯ ತಿಳಿದವರು, ಆಟದ ಅವಧಿ. ಮೊದಲು ಕಣ್ಣಿಗೆ ಬಿದ್ದದ್ದು ಅವಧಿ. ಮೊದಲ ಬೀಗ ಇಪ್ಪತ್ತು ಗಂಟೆ ಹತ್ತು ನಿಮಿಷದ ಆಟದ ನಂತರ, ಎರಡನೆಯದು ಇಪ್ಪತ್ತು ಗಂಟೆ ಮೂವತ್ತೈದು ನಿಮಿಷದ ನಂತರ. ಏಳು ದಿನ, ಹತ್ತು ದಿನ ಎಂದು ನಾನು ತಾರೀಖುಗಳನ್ನು ಎಣಿಸುತ್ತ ಕುಳಿತಿದ್ದೆ. ಯಂತ್ರ ಗಂಟೆಗಳನ್ನು ಎಣಿಸಿತ್ತು. ಇಪ್ಪತ್ತು ಗಂಟೆ ದಾಟಿದ ಮರುದಿನ ಬೆಳಿಗ್ಗೆ ಅದು ತೀರ್ಪು ಕೊಡುತ್ತದೆ. ಇಷ್ಟು ದೀರ್ಘವಾಗಿ ಅದು ಏನನ್ನು ಅಳೆಯುತ್ತಿರಬಹುದು? ಸೀಲನ್ನಾಗಲೀ ಏಳು ಗ್ರಾಂ ತೂಕವನ್ನಾಗಲೀ ನೋಡಲು ಒಂದು ಸೆಕೆಂಡ್ ಸಾಕು. ಸಾವಿರಾರು ಸಲ ಅಳೆದು ಸರಾಸರಿ ತೆಗೆಯಬೇಕಾದದ್ದು ತೀರ ಸಣ್ಣದು, ತೀರ ಅಸ್ಥಿರವಾದದ್ದು.

ಆಗ ಕೋಷ್ಟಕದಲ್ಲಿ ಒಂದು ಕಂಬಸಾಲು ಇಲ್ಲದಿರುವುದನ್ನು ಕಂಡೆ. ನಾನು ಕಂಟ್ರೋಲರ್ ಬದಲಾಯಿಸಿದ್ದೆ, ಕೋಣೆ ಬದಲಾಯಿಸಿದ್ದೆ, ತಿಳಿದವರನ್ನು ಬದಲಾಯಿಸಿದ್ದೆ. ಬೀಗ ಬಿದ್ದ ಎರಡೂ ಪ್ರಯೋಗಗಳಲ್ಲಿ ಹಿಡಿದ ಕೈ ಒಂದೇ. ಅದನ್ನು ನಾನು ಬರೆಯಲೇ ಇರಲಿಲ್ಲ. ಕಂಪನ ಮೇಜಿನ ಮೇಲೆ ಕಂಟ್ರೋಲರನ್ನು ಪರೀಕ್ಷಿಸುವಾಗ ಅದನ್ನು ಯಾವ ಕೈಯೂ ಹಿಡಿದಿರಲಿಲ್ಲ.

ಪ್ರತಿಯೊಬ್ಬರ ಕೈಯೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಸದಾ ನಡುಗುತ್ತಿರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ. ಸ್ಪ್ರಿಂಗಿಗೆ ತೂಗುಹಾಕಿದ ತೂಕವನ್ನು ಕಡಿಮೆ ಮಾಡಿದರೆ ಅದು ಹೆಚ್ಚು ವೇಗವಾಗಿ ಅಲುಗುತ್ತದೆ. ಕೈಯ ತೂಕ ಕಡಿಮೆಯಾದರೂ ಹಾಗೆಯೇ. ಸೆಂಟರಿನಿಂದ ತಂದಿದ್ದ ಗುಂಡಿಯಷ್ಟು ಸಣ್ಣ ಕಂಪನಮಾಪಕವನ್ನು ಮೊದಲು ನನ್ನ ಬಲಗೈಗೆ ಅಂಟಿಸಿಕೊಂಡೆ: ಒಂಬತ್ತು ದಶಮಾಂಶ ಆರು. ವೈನಿ ತಾವಾಗಿಯೇ ಕೈ ಮುಂದೆ ಚಾಚಿದರು: ಹತ್ತು ದಶಮಾಂಶ ಒಂದು. ಅಣ್ಣನ ಬಲಗೈ: ಹದಿಮೂರು ದಶಮಾಂಶ ಎಂಟು. ಮೂರು ಸಲ ಅಳೆದೆ. ಅದೇ ಬಂತು.

ಅಣ್ಣ ಆ ದಿನದ ಆಟ ಮುಗಿಸಿದ್ದ. ಒಟ್ಟು ಹದಿನೇಳು ಗಂಟೆ ಆಗಿತ್ತು. ಮರುದಿನ ಆಡಿದರೆ ಇಪ್ಪತ್ತು ದಾಟುತ್ತದೆ. ನನಗೆ ತಿಳಿದಿದ್ದನ್ನೂ ತಿಳಿಯದ್ದನ್ನೂ ಅವನಿಗೆ ಬೇರೆಬೇರೆಯಾಗಿ ಹೇಳಿದೆ. ಯಂತ್ರ ಕೈಯ ನಡುಕವನ್ನು ಅಳೆಯುತ್ತಿರಬಹುದು, ಖಚಿತವಿಲ್ಲ. ಅಳೆಯುತ್ತಿದ್ದರೂ ಕಂಪನಿ ಮಿತಿಯನ್ನು ಹನ್ನೆರಡಕ್ಕೆ ಇಟ್ಟಿದೆಯೋ ಹದಿನೈದಕ್ಕೋ ಗೊತ್ತಿಲ್ಲ. ಈಗಲೇ ನಿಲ್ಲಿಸಿದರೆ ಮೂರನೆಯ ಬೀಗ ಬೀಳುವುದಿಲ್ಲ, ಕೈಗುರುತು ಉಳಿಯುತ್ತದೆ. ವೈದ್ಯಕೀಯ ವಿನಾಯಿತಿಗೆ ಅರ್ಜಿ ಹಾಕಬಹುದು. ಅದಕ್ಕೆ ತೊಂಬತ್ತು ದಿನ ಬೇಕು. ಆ ಹೊತ್ತಿಗೆ ಯಾರ್ಡಿನ ಹನ್ನೆರಡು ಜಾಗ ತುಂಬಿರುತ್ತವೆ.

ಅಣ್ಣ ಬಹಳ ಹೊತ್ತು ತನ್ನ ಕೈಯನ್ನು ದೀಪಕ್ಕೆ ಹಿಡಿದು ನೋಡಿದ. ನಡುಕ ಕಾಣುತ್ತದೆಯೇ ಎಂದು ನೋಡುತ್ತಿದ್ದನೋ ಏನೋ. ಅದು ಕಾಣುವಂಥದ್ದಲ್ಲ.

"ನನ್ನ ಸೀಲ್ ಒಡದು ಎರಡು ವರ್ಷ ಆತು," ಎಂದ. "ವಾರಂಟಿ ಮುಗದಿದ್ದು ಇವತ್ತ ಗೊತ್ತಾತು ನೋಡು."

ವೈನಿ ನಗಲಿಲ್ಲ. ನಿಲ್ಲಿಸಿಬಿಡಿ ಎಂದು ಮೆಲ್ಲಗೆ ಹೇಳಿದರು. ಬೇರೆ ಯಾರ್ಡ್ ಬಂದೀತು, ಕೈಗುರುತು ಹೋದರೆ ಮತ್ತೆ ಬರುವುದಿಲ್ಲ ಎಂದರು. ನನಗೂ ಹಾಗೆಯೇ ಅನ್ನಿಸಿತ್ತು, ಹೇಳಿದೆ. ಅಣ್ಣ ನಮ್ಮಿಬ್ಬರ ಮಾತನ್ನೂ ಪೂರ್ತಿ ಕೇಳಿದ.

"ಮಿತಿ ಹದಿನೈದಕ್ಕ ಇದ್ರ ಯಾರ್ಡ್ ನಂದು. ಹನ್ನೆರಡಕ್ಕ ಇದ್ರ, ವಿನಾಯಿತಿ ಕೊಡಾವರು ಯಾರು? ಅದನ್ನ ಇಟ್ಟಾವ್ರ ಕೊಡಬೇಕಲ್ಲ," ಎಂದ. ಆಮೇಲೆ ನನ್ನ ಕಡೆ ತಿರುಗಿದ. "ದಸ್ತಗೀರನ್ನ ಕೇಳಿದಿ, ನಿಮ್ಮ ವೈನೀನ ಕೇಳಿದಿ, ದೇಸಾಯರನ್ನ ಕೇಳಿದಿ. ಪೆಟಿಗಿ ಒಂದ ಉಳದೈತಿ, ಇಂದೂ. ಅದನ್ನೂ ಕೇಳೂಣು."

ಹದಿನಾರನೆಯ ತಾರೀಖು ಅವನು ಮೂರು ಗಂಟೆ ನಾಲ್ಕು ನಿಮಿಷ ಆಡಿದ. ಆ ಬಾರಿ ಕಿಟಕಿಯನ್ನು ಮುಚ್ಚಬೇಡ ಎಂದು ವೈನಿಗೆ ಹೇಳಿದ. ಓಣಿಯಲ್ಲಿ ಹೋಗುವವರಿಗೆ ಅವನ ಎಡಗೈ ಏಳುವುದು, ಇಳಿಯುವುದು ಕಾಣುತ್ತಿತ್ತು. ಅಂದಿನ ಅಂಕ ತೊಂಬತ್ನಾಲ್ಕು.

ಹದಿನೇಳರ ಬೆಳಿಗ್ಗೆ ಆರಕ್ಕೆ ಮೂವರೂ ಟಿ.ವಿ.ಯ ಮುಂದೆ ಕುಳಿತಿದ್ದೆವು. ವೈನಿ ನನ್ನ ಲೋಟಕ್ಕೆ ಚಹಾ ಹಾಕಿ, ಇನ್ನಷ್ಟು ಬೇಕೇ ಎಂದು ಕೇಳಿದರು. ಆರು ಗಂಟೆ ಹತ್ತು ನಿಮಿಷಕ್ಕೆ ಪರದೆಯ ಮೇಲೆ ಎರಡು ಸಾಲು ಮೂಡಿದವು. ಅಣ್ಣ ಅವನ್ನು ಒಮ್ಮೆ ಓದಿ, ಕಂಟ್ರೋಲರನ್ನು ಕೈಗೆತ್ತಿಕೊಂಡು ಬೆನ್ನು ತಿರುಗಿಸಿದ. ಬೆಳ್ಳಿ ಸೀಲ್ ಹಾಗೆಯೇ ಇತ್ತು. ಅದನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿ ಮೇಜಿನ ಮೇಲಿಟ್ಟ.

ಆರೂಕಾಲಿಗೆ ದಸ್ತಗೀರಣ್ಣನ ಫೋನ್ ಬಂತು. ಅವರದು ಇಪ್ಪತ್ತೊಂದು ಗಂಟೆ ಆಗಿತ್ತು.

"ಬೀಗ ಇಲ್ಲ ತಂಗೀ. ನಿಮ್ಮಣ್ಣಗ ಹೇಳು, ವ್ಯಾಗನ್ ಎಲ್ಲಾ ಗಟಾರದಾಗ ಕೆಡವೀನಿ, ಆದ್ರೂ ಕಂಪನಿಯವರು ಅಭಿನಂದನೆ ಕಳಿಸ್ಯಾರ. ಅಧಿಕೃತ ಆಟಗಾರ ಅಂತ." ಆಮೇಲೆ ಕೇಳಿದರು, "ಅಲ್ಲೇನಾತು?"

ನಾನು ಫೋನನ್ನು ಅಣ್ಣನಿಗೆ ಕೊಟ್ಟು, ನೋಟ್‌ಬುಕ್ ತೆರೆದು ಬರೆದೆ.

ಪ್ರಯೋಗ ಮೂರು. ಕೈ: ಮೌನೇಶ ಕಮ್ಮಾರ. ಕಂಟ್ರೋಲರ್: ಕಂಪನಿಯದು, ಸೀಲ್ ಒಡೆದಿಲ್ಲ. ಆಟ: ಇಪ್ಪತ್ತು ಗಂಟೆ ನಾಲ್ಕು ನಿಮಿಷ. ಫಲ: ಅನಧಿಕೃತ ಬದಲಾವಣೆ, ಬೀಗ ಸಂಖ್ಯೆ ಮೂರು.

ಪ್ರಯೋಗ ನಾಲ್ಕು. ಕೈ: ದಸ್ತಗೀರ ಮುಲ್ಲಾ. ಕಂಟ್ರೋಲರ್: ಬದಲಾಯಿಸಿದ್ದು, ಸೀಲ್ ಒಡೆದಿದೆ. ಆಟ: ಇಪ್ಪತ್ತೊಂದು ಗಂಟೆ. ಫಲ: ಬೀಗವಿಲ್ಲ.

ತೀರ್ಮಾನ: ಯಂತ್ರವು ಅನಧಿಕೃತ ಬದಲಾವಣೆ ಎಂದು ಗುರುತಿಸಿರುವುದು ನನ್ನ ಅಣ್ಣನ ಬಲಗೈಯನ್ನು.